‘ಅಪ್ಪ ಹೋದರು’ ಎಂಬ ತಲೆಬರಹದ ಕೆಳಗೆ

ಮೊನ್ನೆ ನಮ್ಮ ಬೀದಿಯ ಮೊಬೈಲ್ ಗುಂಪಿನಲ್ಲಿ ಯಾರೋ ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿದರು. ಇನ್ನೊಬ್ಬ ಮಹಾನುಭಾವರು ಮೂಲೆಮನೆ ಸಾವಿತ್ರಮ್ಮನವರ ಯಜಮಾನರ ಶ್ರದ್ಧಾಂಜಲಿ ಸಂದೇಶವನ್ನು ಹುಡುಕಿ ಹಿಡಿದು, ಅದರ ಕೆಳಗೆ ‘ಆರು ಗಂಟೆಗೆ ಬರ್ತದೆ’ ಎಂದು ಉತ್ತರ ಕೊಟ್ಟರು. ಇಂಥದ್ದನ್ನು ನೋಡಿ ನೀವೂ ಹಲ್ಲು ಕಡಿದಿರುತ್ತೀರಿ. ಬೈಯಲೆಂದು ಹೆಬ್ಬೆರಳು ಎತ್ತಿದೆ. ಅಷ್ಟರಲ್ಲಿ ಅರಕಲಗೂಡಿನ ಗೆಳೆಯ ರಮೇಶನ ಅಪ್ಪ ನೆನಪಾದರು.

ಎರಡು ಸಾವಿರದ ಇಸವಿಯ ಈಚಿನ ಮಾತು. ಹಾಸನದಲ್ಲಿ ಒಟ್ಟಿಗೆ ಓದಿದ ನಾವೆಲ್ಲ ಒಂದು ಇ-ಮೇಲ್ ಗುಂಪು ಕಟ್ಟಿಕೊಂಡಿದ್ದೆವು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನಗೇ ಅದರ ಯಜಮಾನಿಕೆ. ಮೇಷ್ಟ್ರ ಕೈಗೆ ಗುಂಪು ಸಿಕ್ಕರೆ ಕೇಳಬೇಕೆ? ಯಾವ ಮಾತಿಗೆ ಉತ್ತರವೋ ಅಷ್ಟನ್ನೇ ಉಳಿಸಿ ಮಿಕ್ಕದ್ದನ್ನು ಅಳಿಸಿ, ಉತ್ತರವನ್ನು ಅದರ ಕೆಳಗೆ ಬರೆಯಿರಿ, ಹೊಸ ವಿಷಯಕ್ಕೆ ಹೊಸ ಪತ್ರ ತೆರೆಯಿರಿ ಎಂದು ನಿಯಮಗಳನ್ನು ಹೊರಡಿಸಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಹೊಳೆನರಸೀಪುರದ ಗೋಪಿ ‘ಸರಿ ಸಾ’ ಎಂದಷ್ಟೇ ಬರೆದು, ಕೆಳಗೆ ನನ್ನ ನಿಯಮಾವಳಿಯನ್ನು ಇಡಿಯಾಗಿ ಅಂಟಿಸಿ ಕಳಿಸಿದ.

ರಮೇಶನ ಅಪ್ಪ ಜನವೆಂದರೆ ಪ್ರಾಣ ಬಿಡುವವರು. ಬಸ್‌ಸ್ಟ್ಯಾಂಡಿನಲ್ಲಿ ಮಗನ ಗೆಳೆಯರ್ಯಾರು ಕಂಡರೂ ಮನೆಗೆ ಎಳೆದುಕೊಂಡು ಹೋಗಿ ಮುದ್ದೆ ತಿನ್ನಿಸದೆ ಬಿಡುತ್ತಿರಲಿಲ್ಲ. ಅವರು ತೀರಿಕೊಂಡಾಗ ರಮೇಶ ‘ಅಪ್ಪ ಹೋದರು’ ಎಂಬ ತಲೆಬರಹ ಕೊಟ್ಟು ಒಂದೇ ಸಾಲು ಬರೆದ. ನಾವೆಲ್ಲ ಸಂತಾಪ ಹೇಳಿದೆವು.

ಎಡವಟ್ಟು ಶುರುವಾದದ್ದು ಆಮೇಲೆ. ಗುಂಪಿನ ಉದ್ದನೆಯ ವಿಳಾಸ ಯಾರಿಗೂ ನೆನಪಿರುತ್ತಿರಲಿಲ್ಲ. ಏನೇ ಹೇಳಬೇಕಾದರೂ ಮೇಲಿರುವ ಪತ್ರವನ್ನೇ ತೆರೆದು ಉತ್ತರದ ಗುಂಡಿ ಒತ್ತುವುದು ನಮ್ಮವರ ಪದ್ಧತಿ. ಹೀಗಾಗಿ ಚನ್ನರಾಯಪಟ್ಟಣದ ಶಿವಣ್ಣನ ಗೃಹಪ್ರವೇಶದ ಕರೆ ಬಂದದ್ದು ‘ಅಪ್ಪ ಹೋದರು’ ಎಂಬ ತಲೆಬರಹದಲ್ಲಿ. ಹಾಸನದಲ್ಲಿ ಸೇರಿ ದೋಸೆ ತಿನ್ನೋಣವೇ ಎಂದು ಗೋಪಿ ಕೇಳಿದ್ದೂ ಅದರಲ್ಲೇ, ಉಳಿದವರು ‘ಬಹಳ ಸಂತೋಷ’ ಎಂದದ್ದೂ ಅದರಲ್ಲೇ. ಪ್ರತಿ ಪತ್ರದ ಬಾಲದಲ್ಲೂ ರಮೇಶನ ಆ ಸಾಲು. ಅವನು ಮಾತ್ರ ತಿಂಗಳುಗಟ್ಟಲೆ ಚಕಾರವೆತ್ತಲಿಲ್ಲ. ಮನಸ್ಸು ಮುರಿದುಕೊಂಡನೇನೋ, ಒಳ್ಳೆಯ ಗೆಳೆಯನನ್ನು ಕಳೆದುಕೊಂಡೆವೇನೋ ಎಂದು ನನಗೆ ದಿಗಿಲಾಯಿತು. ಆ ಪತ್ರಮಾಲೆಯನ್ನೇ ಮುಚ್ಚಿಬಿಡುವುದೆಂದು ನಿಶ್ಚಯಿಸಿ, ಮೊದಲು ಎಲ್ಲರ ಪರವಾಗಿ ಕ್ಷಮೆ ಕೇಳೋಣವೆಂದು ಅರಕಲಗೂಡಿನ ಬಸ್ಸು ಹತ್ತಿದೆ.

ನನ್ನ ಪೀಠಿಕೆ ಮುಗಿಯುವ ಮುಂಚೆಯೇ ರಮೇಶ ತಡೆದ. “ಮುಚ್ಬ್ಯಾಡ ಕಣ್ಲಾ. ನಂಗೆ ಬರಿಯಾಕೆ ಕೈ ಬರಾಕಿಲ್ಲ, ಆದ್ರೆ ದಿನಾ ಓಗಿ ಓದ್ಕಂಡ್ ಬತ್ತೀನಿ. ಅವ್ವ ಕಾಯ್ತಿರ್ತಾಳೆ.”

ಬ್ರೌಸಿಂಗ್ ಸೆಂಟರಿನಿಂದ ಬಂದವನೇ, ತಲೆಬರಹದಿಂದ ಹಿಡಿದು ಓದಿದ್ದನ್ನೆಲ್ಲ ತಾಯಿಗೆ ಒಪ್ಪಿಸುತ್ತಿದ್ದನಂತೆ. ಆಕೆ ಒಳಗಿನಿಂದ ಕಾಫಿ ತಂದು ನನ್ನ ಮುಂದಿಟ್ಟು ಕುಳಿತರು.

“ತಿಥಿ ಊಟ ಆದ್ಮೇಲೆ ಯಾರ್ ಬತ್ತಾರೆ ಮಗಾ? ಒಬ್ರೂ ಇತ್ಲಾಗೆ ತಲೆ ಆಕ್ನಿಲ್ಲ. ನೀವಾದ್ರೆ ಮನೆ ಒಕ್ಲು, ದ್ವಾಸೆ, ಎಲ್ಲಾನೂ ನಮ್ಮನೆಯವ್ರ ಮುಂದೆ ಬಂದು ಯೋಳ್ದಂಗೆ ಯೋಳ್ತಿದ್ದೀರಿ.”

ನನ್ನ ನಿಯಮಗಳನ್ನೆಲ್ಲ ಕಾಫಿ ಜೊತೆ ನುಂಗಿಕೊಂಡೆ.

ಆ ವರ್ಷವೇ ನನಗೆ ಮಗಳು ಹುಟ್ಟಿದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಗೋಪಿ ಆಡಿಕೊಂಡರೂ ಸರಿ ಎಂದು, ‘ಅಪ್ಪ ಹೋದರು’ ಪತ್ರವನ್ನು ತೆರೆದು, ಒಂದಕ್ಷರವನ್ನೂ ಅಳಿಸದೆ, ಉತ್ತರದ ಗುಂಡಿ ಒತ್ತಿ ಆ ಸುದ್ದಿ ಬರೆದೆ. ಮಾರನೆಯ ದಿನ ರಮೇಶ ಮೊದಲ ಬಾರಿಗೆ ಉತ್ತರಿಸಿದ. ಅವ್ವ ಸಕ್ಕರೆ ಹಂಚಿದಳು ಎಂದಷ್ಟೇ ಬರೆದಿದ್ದ.

ಮೊನ್ನೆ, ಬೈಯಲೆಂದು ಎತ್ತಿದ್ದ ಹೆಬ್ಬೆರಳನ್ನು ಹಾಗೇ ಇಳಿಸಿದೆ. ಸಾವಿತ್ರಮ್ಮನವರ ಮನೆಯ ತಿಥಿ ಊಟ ಉಂಡು ಬಂದ ಮೇಲೆ ನಾವ್ಯಾರೂ ಆ ಕಡೆ ಹೋಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಬಾಗಿಲು ತೆರೆದ ಆಕೆ ಏನು ವಿಷಯ ಎಂದು ಕೇಳಿದರು. ನಲ್ಲಿ ನೀರು ಬಂತೇ ಎಂದು ಕೇಳಿ, ಒಳಗೆ ಹೋಗಿ ಕುಳಿತೆ.