ಒಂದೇ ಸಾಲಿನ ಮೂರು ಕಲೆ

1964ರಲ್ಲಿ ನಾನು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಡಾರ್ಕ್‌ರೂಮ್ ಸಹಾಯಕನಾಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದು ಒಣಹಾಕುವುದು ನನ್ನ ಕೆಲಸ. ಅದರಲ್ಲಿ ಏನಿದೆ ಎಂದು ಹೇಳುವುದು ಡಾಕ್ಟರ ಕೆಲಸ. ಆದರೆ ರೋಗಿಗಳ ಕಡೆಯವರಿಗೆ ಕಾಯುವ ತಾಳ್ಮೆ ಇರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಒದ್ದೆ ಫಿಲ್ಮ್ ನೋಡಿ ಹೇಳಿ ಎನ್ನುತ್ತಿದ್ದರು. ನಾನೂ ಹೇಳುತ್ತಿದ್ದೆ. ಮನೆಯಲ್ಲಿ ನನಗೆ 'ಅರ್ಧ ಡಾಕ್ಟರು' ಎಂದೇ ಹೆಸರು.

ಭದ್ರಾವತಿಯ ಕಾಗದನಗರದಲ್ಲಿದ್ದ ನನ್ನ ಅಕ್ಕನಿಗೆ ಎರಡು ವರ್ಷದ ಹಿಂದೆ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ಆ ವರ್ಷ ಎಡಪಕ್ಕೆ ನೋವು ಎಂದು ಭಾವನ ಜೊತೆ ಬಂದಳು. ಡಾಕ್ಟರು ಊರಲ್ಲಿರಲಿಲ್ಲ, ಬರುವುದು ಎಂಟು ದಿನ ಎಂದಿದ್ದರು. ಫಿಲ್ಮ್ ತೆಗೆದದ್ದು ಟೆಕ್ನಿಷಿಯನ್, ತೊಳೆದದ್ದು ನಾನು. ಬೆಳಕಿಗೆ ಹಿಡಿದರೆ ಪಕ್ಕೆಲುಬುಗಳ ಮೇಲೆ ಮೂರು ಬಿಳಿ ಕಲೆ. ಈ ಕ್ಯಾನ್ಸರ್ ಹರಡಿದರೆ ಮೂಳೆಗೆ ಹೋಗುತ್ತದೆ ಎಂದು ಡಾಕ್ಟರ ಬಾಯಲ್ಲಿ ಕೇಳಿದ್ದೆ. ಭಾವನನ್ನು ಪಕ್ಕಕ್ಕೆ ಕರೆದು ಹೇಳಿಬಿಟ್ಟೆ.

ಎಷ್ಟು ದಿನ ಎಂದು ಕೇಳಿದರು. ಅದಕ್ಕೂ ಉತ್ತರ ಕೊಟ್ಟೆ. "ವರ್ಷ ದಾಟಲ್ಲ ಭಾವ."

ತಾಯಿಯ ಕಣ್ಣೆದುರಿಗೇ ಆಗಿಹೋಗಲಿ ಎಂದು ಆ ವಾರವೇ ಮಗಳು ಸರೋಜಳಿಗೆ ಕುಂಸಿಯ ಗಂಡು ಗೊತ್ತುಮಾಡಿದರು. ಸರೋಜ ಎಸ್ಸೆಸ್ಸೆಲ್ಸಿಯಲ್ಲಿದ್ದಳು, ಟೀಚರ್ ಆಗುವ ಆಸೆ. ಪರೀಕ್ಷೆ ಮುಗಿಯಲಿ ಎಂದು ಅತ್ತಳಂತೆ. ಅಮ್ಮನ ವಿಷಯ ತಿಳಿಸಿದ ಮೇಲೆ ಒಪ್ಪಿಕೊಂಡಳು.

ಡಾಕ್ಟರು ಬಂದು ಫಿಲ್ಮ್ ನೋಡಿದರು. "ಈಯಮ್ಮ ಬಿದ್ದಿದ್ರೇನೋ?"

ಗೊತ್ತಿಲ್ಲ ಎಂದೆ.

"ಮೂರು ಕಲೆನೂ ಒಂದೇ ಸಾಲಲ್ಲಿವೆ ನೋಡು. ಕ್ಯಾನ್ಸರ್ ಹಿಂಗೆ ಸಾಲು ಹಿಡಿದು ಕೂರಲ್ಲ, ಎಲ್ಲೆಲ್ಲೋ ಚೆಲ್ಲಿದ ಹಾಗಿರುತ್ತೆ. ಇದು ಪೆಟ್ಟು ಬಿದ್ದು ಮುರಿದ ಮೂಳೆ, ಕೂಡಿಕೊಳ್ತಾ ಇದೆ." ಮೂರು ತಿಂಗಳು ಬಿಟ್ಟು ಇನ್ನೊಂದು ಫಿಲ್ಮ್ ತೆಗೆಯೋಣ ಎಂದು ರಿಪೋರ್ಟ್ ಬರೆದು ಕೊಟ್ಟರು.

ಮದುವೆಗೆ ಇನ್ನೂ ಹನ್ನೆರಡು ದಿನ ಇತ್ತು. ಭದ್ರಾವತಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ನಾನು ಹೋಗಲಿಲ್ಲ. ಒದ್ದೆ ಫಿಲ್ಮ್ ಓದಿದ್ದು ತಿಳಿದರೆ ಕೆಲಸ ಹೋಗುತ್ತಿತ್ತು ಎಂಬುದು ಒಂದು ಕಾರಣ. ಅರ್ಧ ಡಾಕ್ಟರು ತಪ್ಪು ಹೇಳಿದ ಎನ್ನಿಸಿಕೊಳ್ಳಲು ಮನಸ್ಸಿರಲಿಲ್ಲ ಎಂಬುದೇ ದೊಡ್ಡ ಕಾರಣ. ಮದುವೆಯಲ್ಲಿ ಓಡಾಡಿ ಬಡಿಸಿದೆ.

ಮದುವೆಯಾದ ವಾರಕ್ಕೆ ರಿಪೋರ್ಟ್ ಹಿಡಿದು ಹೋಗಿ, ಅದು ಕ್ಯಾನ್ಸರ್ ಅಲ್ಲವಂತೆ, ಮುರಿದ ಮೂಳೆಯಂತೆ ಎಂದೆ; ಡಾಕ್ಟರು ಈಗ ತಾನೆ ನೋಡಿದರು ಎಂದು ಸುಳ್ಳೂ ಹೇಳಿದೆ. ಭಾವ ದೇವರ ಕೋಣೆಗೆ ಹೋಗಿ ಕೂತುಬಿಟ್ಟರು. ಅಕ್ಕ ನಕ್ಕಳು. "ಬಚ್ಚಲಲ್ಲಿ ಜಾರಿ ಹಂಡೆ ಒಲೆಕಟ್ಟೆ ಮೇಲೆ ಬಿದ್ದಿದ್ದೆ ಕಣೋ. ನೀನು ಕೇಳ್ಲೇ ಇಲ್ವಲ್ಲ ಮಾರಾಯ."

ತವರಿಗೆ ಬಂದಿದ್ದ ಸರೋಜ ರಿಪೋರ್ಟ್ ತೆಗೆದುಕೊಂಡಳು. ಆ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ಅವಳೊಬ್ಬಳೇ. ಮೇಲೆ ತಾರೀಖು ಇತ್ತು, ಮದುವೆಗೆ ಹನ್ನೆರಡು ದಿನ ಮೊದಲಿನದು. ಓದಿದಳು, ಮಡಿಸಿದಳು, ನನ್ನ ಕೈಗೇ ವಾಪಸ್ ಕೊಟ್ಟಳು. ಯಾರಿಗೂ ಏನೂ ಹೇಳಲಿಲ್ಲ.

ಅಕ್ಕ ಮತ್ತೆ ಹತ್ತೊಂಬತ್ತು ವರ್ಷ ಬದುಕಿದಳು. ಬಿಳಿ ಕಲೆಗೆ ಬಾಯಿಲ್ಲ, ಬಾಯಿರುವ ಮನುಷ್ಯನನ್ನು ಮೊದಲು ಕೇಳಬೇಕು ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ಆಮೇಲೆ ಯಾರ ಫಿಲ್ಮನ್ನೂ ನಾನು ಓದಿ ಹೇಳಲಿಲ್ಲ.

ನಾಲ್ಕೈದು ವರ್ಷದ ಮೇಲೆ ಸರೋಜ ಕೈ ಮುರಿದುಕೊಂಡಿದ್ದ ತನ್ನ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದಿದ್ದಳು. ಒದ್ದೆ ಫಿಲ್ಮ್ ಹಿಡಿದು ಬಾಗಿಲಿಗೆ ಬಂದೆ. ಅವಳು ಅದರ ಕಡೆ ನೋಡಲಿಲ್ಲ.

"ಡಾಕ್ಟರು ಎಷ್ಟು ಹೊತ್ತಿಗೆ ಬರ್ತಾರೆ ಮಾವ?" ಎಂದಳು.