ಲಿಂಗಕ್ಕೆ ತೋರಿಸಿದ ಗುಳಿಗೆ

ದಾಂಡೇಲಿಯಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನ ಅಕ್ಕ ಏನೇ ಕಳೆದುಕೊಂಡರೂ "ಶಿವ ಇಷ್ಟರ ಉಳಿಸ್ಯಾನಲ್ರಿ" ಅನ್ನುತ್ತಿದ್ದರು. ಕ್ಯಾನ್ಸರಿನ ಔಷಧಿಗೆ ಕೂದಲು ಹೋದಾಗಲೂ ಅದೇ ಮಾತು. ಆಮೇಲೆ ಅದೇ ಔಷಧಿಯಿಂದ ನರ ಕೆಟ್ಟು ಕೈ ಜೋಮು ಹಿಡಿಯಿತು. ಒಂದು ಮುಂಜಾನೆ ಪೂಜೆಯಲ್ಲಿ ಅಂಗೈಯ ಇಷ್ಟಲಿಂಗ ಜಾರಿ ಮಡಿಲಿಗೆ ಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ. ಅಂದು ಮಾತ್ರ ಅತ್ತರು.

ಹುಬ್ಬಳ್ಳಿಯ ಡಾಕ್ಟರು ಮೀನೆಣ್ಣೆಯ ಗುಳಿಗೆ ಬರೆದುಕೊಟ್ಟು, "ಕೆಲವರಿಗೆ ಗುಣ ಕಂಡೈತಿ, ಖಾತ್ರಿ ಹೇಳಾಂಗಿಲ್ರಿ" ಎಂದರಂತೆ. ಕೋಳಿ ತತ್ತಿಯನ್ನೂ ಒಳಗೆ ತಾರದ ಲಿಂಗಾಯತರ ಮನೆ ಅದು.

"ಔಷಧ ಅಂತ ನುಂಗಿಬಿಡ್ರಿ ಅಕ್ಕಾ, ಯಾರು ನೋಡ್ತಾರ?" ಎಂದೆ.

"ಲಿಂಗಕ್ಕ ತೋರಿಸದ ನೀರೂ ಕುಡದಿಲ್ಲ ನಾ. ಇದೊಂದನ್ನ ಕದ್ದು ನುಂಗ್ಲೇನು?"

ವಿಭೂತಿ ಹಚ್ಚಿಕೊಂಡು ಕೂತರು. ಅಂಗೈಯಲ್ಲಿ ಲಿಂಗ, ಜಾರದಂತೆ ಕೆಳಗೆ ನನ್ನ ಕೈ. ಗುಳಿಗೆಯನ್ನು ಲಿಂಗದ ಮುಂದೆ ಹಿಡಿದು, "ಮೀನಿಂದು ಐತೆಪ್ಪಾ. ನಿನ್ನ ಹಿಡ್ಕೊಳ್ಳಾಕ ತಗೋತೇನಿ. ಬ್ಯಾಡಂದ್ರ ಈಗ ಹೇಳು" ಎಂದರು. ಸ್ವಲ್ಪ ಹೊತ್ತು ಕಾದು ನುಂಗಿದರು.

ಹೀಗೇ ದಿನಾಲೂ ಕೈ ಕೊಡುತ್ತಿದ್ದೆ. ಮಳೆಗಾಲ ಮುಗಿದ ಮೇಲೆ ಒಂದು ಮುಂಜಾನೆ, ಗುಳಿಗೆಯಿಂದಲೋ ದಿನ ಕಳೆದದ್ದರಿಂದಲೋ ಶಿವನೇ ಬಲ್ಲ, ಅವರು ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಹೇಳಿದರು:

"ಕೈ ತಗೀಯವ್ವಾ. ಲಿಂಗ ಅಂಗೈಗೆ ತಣ್ಣಗ ಹತ್ತಾಕತ್ತೈತಿ."