ಬ್ರಷ್ ಕೆಳಗಿಟ್ಟ ಮುಳ್ಳಕ್ಕ

ಬೆಳಗಿನ ಐದೂವರೆ. ಕಡಲತೀರದ ಸಂಶೋಧನಾ ಕೇಂದ್ರದ ಹಿಂಬದಿ ಶೆಡ್ಡಿನಲ್ಲಿ ಮುಳ್ಳಕ್ಕ ಅಂಗಿಯ ತೋಳು ಮಡಚಿ ತೊಟ್ಟಿಯ ಮೇಲೆ ಬಾಗಿದ್ದಾರೆ. ನೀರಿನಲ್ಲಿ ಕಡಲ ಮುಳ್ಳುಚೆಂಡು, ಅಂದರೆ ಸೀ ಅರ್ಚಿನ್ ಎಂಬ ಜೀವಿಯ ಮರಿಗಳು: ಸಾಸಿವೆಯಷ್ಟು ಮೈ, ಸುತ್ತ ಕೂದಲೆಳೆಯಂಥ ಕಪ್ಪು ಮುಳ್ಳು. ದೊಡ್ಡವು ಪಕ್ಕದ ತೊಟ್ಟಿಯಲ್ಲಿವೆ. "ಚುಚ್ಚಿಸ್ಕೊಂಡು ಚುಚ್ಚಿಸ್ಕೊಂಡು ಈ ಬೆರಳುಗಳಿಗೆ ನಾಚಿಕೇನೇ ಬಿಟ್ಟೋಗಿದೆ" ಎನ್ನುತ್ತಾರೆ.

ಇಪ್ಪತ್ತೊಂದು ವರ್ಷದಿಂದ ಅವರಿಲ್ಲಿ ಕಸ ಗುಡಿಸಿ, ತೊಟ್ಟಿ ತೊಳೆಯುವ ಕೆಲಸಗಾರ್ತಿ. ಹದಿನಾಲ್ಕು ವರ್ಷದ ಹಿಂದೆ ಎಂಥದೋ ರೋಗ ಬಂದು ಇಲ್ಲಿನ ಕಡಲಿನ ಮುಳ್ಳುಚೆಂಡುಗಳೆಲ್ಲ ಹದಿನೈದೇ ದಿನದಲ್ಲಿ ಸತ್ತವು. ಹವಳದ ದಿಬ್ಬದ ಮೇಲಿನ ಪಾಚಿ ಮೇಯುತ್ತಿದ್ದುದೇ ಅವು. ಮೇಯುವವೇ ಇಲ್ಲದೆ ಪಾಚಿ ದಪ್ಪಗೆ ಬೆಳೆದು ಹವಳದ ಉಸಿರುಗಟ್ಟಿಸಿತು, ಮೀನುಗಳು ಬೇರೆ ದಾರಿ ಹಿಡಿದವು. ಮುಳ್ಳಕ್ಕನ ಅಣ್ಣ ಎರಡು ವರ್ಷ ಬರಿಬಲೆ ಎಳೆದು, ಕೊನೆಗೆ ದೋಣಿಯನ್ನೇ ಮಾರಿದರು.

ಮರಿ ಸಾಕಿ ಕಡಲಿಗೆ ಬಿಡಲು ಕೇಂದ್ರ ಹೊರಟಿತು. ಮೂರು ವರ್ಷ ಒಂದೂ ಉಳಿಯಲಿಲ್ಲ. ಆಮೇಲೊಮ್ಮೆ ಮುಳ್ಳಕ್ಕ ಜ್ವರ ಬಂದು ಒಂಬತ್ತು ದಿನ ಮಲಗಿದರು. ಬದಲಿಗೆ ಬಂದವರು ಮರಿ ಸಾಕುವ ಮೂಲೆಯ ತೊಟ್ಟಿ ತೊಳೆಯುವುದನ್ನು ಮರೆತರು. ಮರಳಿ ಬಂದು ನೋಡಿದರೆ ಅದರ ಗೋಡೆಗೆ ತೆಳ್ಳಗೆ ಪಾಚಿ ಕಟ್ಟಿದೆ, ಪಾಚಿಗೆ ಹನ್ನೊಂದು ಮರಿಗಳು ಅಂಟಿ ಕೂತಿವೆ.

"ಅಷ್ಟು ವರ್ಷ ಕೊಂದೋಳು ನಾನೇ ಅಂತ ಗೊತ್ತಾಯ್ತು. ಉಜ್ಜಿ ಉಜ್ಜಿ ಅವು ಕೂರೋ ಜಾಗಾನೇ ತೆಗೀತಿದ್ದೆ. ಅವತ್ತು ಊಟ ಸೇರಲಿಲ್ಲ."

ಮರುದಿನ ಅವರು ಬ್ರಷ್ ಮುಟ್ಟಲಿಲ್ಲ. "ತೊಳೆಯೋಕೆ ತಾನೇ ನಿಮಗೆ ಸಂಬಳ?" ಎಂದು ಮೇಲ್ವಿಚಾರಕರು ಗದರಿದರು.

"ಇದನ್ನ ತೊಳೆಯಲ್ಲ ಸಾರ್. ಬೇಕಾದ್ರೆ ನನ್ನ ತೆಗೀರಿ, ಪಾಚಿ ತೆಗೀಬೇಡಿ."

ನೋಟಿಸು ಬಂತು. ತೊಟ್ಟಿ ಖಾಲಿ ಮಾಡಲು ಆಳುಗಳೂ ಬಂದರು. ಮುಳ್ಳಕ್ಕ ಅಡ್ಡಲಾಗಿ ಸ್ಟೂಲು ಹಾಕಿ ಕೂತವರು ಸಂಜೆಯವರೆಗೆ ಏಳಲಿಲ್ಲ. ಗಲಾಟೆ ಕೇಳಿ ಬಂದ ಹಿರಿಯ ವಿಜ್ಞಾನಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಯಾರೂ ಇದನ್ನ ಮುಟ್ಟಬೇಡಿ" ಎಂದರು.

ಈಗ ಮರಿಗಳ ತೊಟ್ಟಿಗಳಲ್ಲೆಲ್ಲ ಪಾಚಿ ಉಳಿಸುತ್ತಾರೆ; ವರ್ಷಕ್ಕೆ ನಾಲ್ಕು ಸಾವಿರ ಮರಿಗಳು ಕಡಲು ಸೇರುತ್ತವೆ. ಬಿಟ್ಟ ಕಡೆ ಪಾಚಿ ಸರಿದು ಬೆರಳುದ್ದದ ಹೊಸ ಹವಳ ಎದ್ದಿದೆ; ದಿಬ್ಬದ ಮುಕ್ಕಾಲು ಭಾಗ ಇನ್ನೂ ಪಾಚಿ ಹಸಿರೇ. ಕೇಂದ್ರದ ವರದಿಗಳಲ್ಲಿ ಮುಳ್ಳಕ್ಕನ ಹೆಸರಿಲ್ಲ. "ಮುಳ್ಳುಚೆಂಡು ವರದಿ ಓದಲ್ವಲ್ಲ" ಎಂದು ನಗುತ್ತಾರೆ.

ಐವತ್ತೆಂಟರ ಈ ಹೆಂಗಸು ಆ ಹೊಸ ಹವಳವನ್ನು ಕಂಡಿರುವುದು ಫೋಟೊದಲ್ಲಿ ಮಾತ್ರ. ಅದಕ್ಕೇ ಹೋದ ತಿಂಗಳಿಂದ ಈಜು ಕಲಿಯುತ್ತಿದ್ದಾರೆ.

"ಈ ವಯಸ್ಸಲ್ಲಿ ಬೇಡ ಅಂತ ಅಣ್ಣ ಬೈತಾನೆ. ಬೈಲಿ. ನಾನು ಸಾಕಿದ್ದನ್ನ ನಾನು ನೋಡೋಕೆ ಯಾರ ಅಪ್ಪಣೆ ಬೇಕು?"